ಕೊಡುವ ಕೈಯ ನೀತಿ: ಉದ್ಯಮ, ಸರ್ಕಾರಿ ಕಚೇರಿ ಮತ್ತು ಲೆಕ್ಕದ ಪುಸ್ತಕ

ಲಂಚದ ಮಾತು ಬಂದಾಗಲೆಲ್ಲ ಸಮಾಜದ ದೃಷ್ಟಿ ಮೊದಲು ಹೊರಳುವುದು ಮೇಜಿನ ಆಚೆ ಕುಳಿತ ಅಧಿಕಾರಿಯ ಕಡೆಗೆ. ಈಚೆ ನಿಂತವನು ಸಂತ್ರಸ್ತ, ಹೆಚ್ಚೆಂದರೆ ಬೇರೆ ದಾರಿ ಕಾಣದೆ ಜೇಬಿಗೆ ಕೈಹಾಕಿದವನು ಎಂಬ ತಿಳಿವಳಿಕೆ ಜನಮನದಲ್ಲಿ ಬೇರೂರಿದೆ. ಪಹಣಿಗಾಗಿ ನಾಡಕಚೇರಿಯ ಮುಂದೆ ನಿಂತ ರೈತನ ಮಟ್ಟಿಗೆ, ಪಿಂಚಣಿಗಾಗಿ ಅಲೆಯುವ ವಿಧವೆಯ ಮಟ್ಟಿಗೆ ಈ ತಿಳಿವಳಿಕೆ ಸರಿಯೇ. ಆದರೆ ನೂರಾರು ಕೋಟಿ ರೂಪಾಯಿ ವಹಿವಾಟಿನ, ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಸಂಬಳ ಕೊಟ್ಟು ಇಟ್ಟುಕೊಂಡಿರುವ ಉದ್ಯಮ ಸಂಸ್ಥೆಯೊಂದು ಅದೇ ರೈತನ ಸಾಲಿನಲ್ಲಿ ನಿಂತು ‘ವಿಧಿಯಿರಲಿಲ್ಲ’ ಎಂದಾಗ ಆ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ಬರುವುದಿಲ್ಲ. ಸರ್ಕಾರದೊಂದಿಗೆ ವ್ಯವಹರಿಸುವಾಗ ಉದ್ಯಮವು ಪಾಲಿಸಬೇಕಾದ ನೀತಿ ಯಾವುದು, ಅದು ಕಾನೂನಿನೊಳಗೆ ಎಷ್ಟರಮಟ್ಟಿಗೆ ಇಳಿದಿದೆ, ಕಾನೂನು ತಲುಪದ ಕಡೆ ಅದು ಎಲ್ಲಿ ನಿರ್ಧಾರವಾಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ. ಲಕೋಟೆ ಕೈಬದಲಾಗುವ ಗಳಿಗೆಗಿಂತ ತಿಂಗಳುಗಟ್ಟಲೆ ಮೊದಲು, ಯೋಜನೆಯ ವೇಳಾಪಟ್ಟಿ ಬರೆಯುವಾಗ ಮತ್ತು ಮಧ್ಯವರ್ತಿಯನ್ನು ಗೊತ್ತುಮಾಡುವಾಗ, ಹಾಗೆಯೇ ಅದಾದ ಮೇಲೆ ಖರ್ಚನ್ನು ಯಾವ ಖಾತೆಗೆ ಹಾಕಬೇಕೆಂದು ಲೆಕ್ಕಿಗ ಕೇಳುವಾಗ, ಸಂಸ್ಥೆಯ ಪ್ರಾಮಾಣಿಕತೆ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರಲ್ಲಿ ಅದನ್ನು ತಿದ್ದುವಾಗ ಶಾಸನಕಾರರು ಸೇರಿಸಿದ ಎರಡು ಪುಟ್ಟ ನಿದರ್ಶನಗಳಲ್ಲಿ ಇಡೀ ವಿಷಯದ ಬೀಜವಿದೆ. ಅಧಿಕಾರಿಯ ಅಪರಾಧವನ್ನು ವಿವರಿಸುವ 7ನೇ ಕಲಮಿನ ನಿದರ್ಶನದಲ್ಲಿ, ಪಡಿತರ ಚೀಟಿಯ ಮಾಮೂಲಿ ಅರ್ಜಿಯನ್ನು ಸಕಾಲದಲ್ಲಿ ವಿಲೇವಾರಿ ಮಾಡಲು ಸರ್ಕಾರಿ ನೌಕರನೊಬ್ಬ ಅರ್ಜಿದಾರನಿಂದ 5,000 ರೂಪಾಯಿ ಕೇಳುತ್ತಾನೆ. ಕೊಡುವವನ ಅಪರಾಧವನ್ನು ವಿವರಿಸುವ 8ನೇ ಕಲಮಿನ ನಿದರ್ಶನದಲ್ಲಿ, ಉಳಿದ ಬಿಡ್‌ದಾರರನ್ನು ಹಿಂದಿಕ್ಕಿ ಪರವಾನಗಿ ತನಗೇ ಸಿಗಲೆಂದು ಒಬ್ಬಾತ 10,000 ರೂಪಾಯಿ ಕೊಡುತ್ತಾನೆ. ಮೊದಲನೆಯದನ್ನು ಅರ್ಥಶಾಸ್ತ್ರಜ್ಞರು ಕಿರುಕುಳದ ಲಂಚ ಎನ್ನುತ್ತಾರೆ, ಅಂದರೆ ತನಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನೇ ಪಡೆಯಲು ತೆರಬೇಕಾದ ಹಣ. ಎರಡನೆಯದು ಕೊಡುವವನೂ ಪಡೆಯುವವನೂ ಕೂಡಿಕೊಂಡು ಮೂರನೆಯವರ ಪಾಲನ್ನೋ ಸಾರ್ವಜನಿಕ ಹಣವನ್ನೋ ಹಂಚಿಕೊಳ್ಳುವ ಒಳಒಪ್ಪಂದದ ಲಂಚ. ಕಾಗದದ ಮೇಲೆ ಇವೆರಡರ ನಡುವಿನ ಗೆರೆ ಸ್ಪಷ್ಟ. ಉದ್ಯಮದ ನಿತ್ಯವ್ಯವಹಾರದಲ್ಲಿ ಮಾತ್ರ ಬಹುಪಾಲು ಪ್ರಸಂಗಗಳು ಗೆರೆಯ ಎರಡೂ ಬದಿಗೆ ಹರಡಿಕೊಂಡಿರುತ್ತವೆ: ಪರವಾನಗಿಗೆ ಅರ್ಹತೆ ಇದೆ, ಆದರೆ ಸರದಿಗಿಂತ ಮೊದಲು ಬೇಕು, ಕಟ್ಟಡದ ನಕ್ಷೆ ಬಹುಮಟ್ಟಿಗೆ ನಿಯಮದಂತಿದೆ, ಆದರೆ ಒಂದು ಮಗ್ಗುಲಲ್ಲಿ ಸೆಟ್‌ಬ್ಯಾಕ್ ಕಡಿಮೆಯಾಗಿದೆ, ಸರಬರಾಜು ಮಾಡಿದ ಮಾಲು ಸರಿಯಾದದ್ದೇ, ಆದರೆ ಬಿಲ್ಲು ಮಾರ್ಚ್ 31ರೊಳಗೆ ಪಾಸಾಗಬೇಕು.

ಕೊಡುವವನನ್ನು ತಪ್ಪಿತಸ್ಥರ ಸಾಲಿಗೆ ಸೇರಿಸುವ ಯೋಚನೆ ಹೊಸದಲ್ಲ. ರಾಜಭಂಡಾರದ ಹಣ ಅಪಹಾರವಾಗುವ ನಲವತ್ತು ಬಗೆಗಳನ್ನು ಎಣಿಸುವ ಕೌಟಿಲ್ಯನ ಅರ್ಥಶಾಸ್ತ್ರವು, ಅಂಥ ಅಪಹಾರ ಬಯಲಾದಾಗ ಅಧಿಕಾರಿಯ ಜೊತೆಗೆ ಹಣ ಕೊಟ್ಟ ದಾಯಕನನ್ನೂ ಕೊಡಿಸಿದ ದಾಪಕನನ್ನೂ ಒಬ್ಬೊಬ್ಬರನ್ನಾಗಿ ವಿಚಾರಿಸಬೇಕೆಂದು ವಿಧಿಸುತ್ತದೆ. 1860ರ ದಂಡಸಂಹಿತೆ ಮೂಲತಃ ಪಡೆಯುವವನನ್ನು ಗುರಿಯಾಗಿಟ್ಟುಕೊಂಡಿತ್ತು. ಕೊಡುವವನು ಅದರ ಪಾಲಿಗೆ ಕುಮ್ಮಕ್ಕು ಕೊಟ್ಟವನಷ್ಟೆ, ಮತ್ತು ಆ ಕುಮ್ಮಕ್ಕಿಗೆ ಪ್ರತ್ಯೇಕ ಕಲಂ ಬರಲು 1952ರವರೆಗೆ ಕಾಯಬೇಕಾಯಿತು. 1988ರ ಕಾಯ್ದೆಯಾದರೂ, ತಾನು ಲಂಚ ಕೊಟ್ಟೆನೆಂದು ಹೇಳಿಕೆ ನೀಡಿದವನ ಮೇಲೆ ಆ ಹೇಳಿಕೆಯ ಕಾರಣದಿಂದ ಮೊಕದ್ದಮೆ ಹೂಡಬಾರದೆಂದು 24ನೇ ಕಲಮಿನಲ್ಲಿ ರಕ್ಷಣೆಯನ್ನೇ ಕೊಟ್ಟಿತ್ತು. ಸಾಕ್ಷಿ ಸಿಗಬೇಕಾದರೆ ಕೊಟ್ಟವನನ್ನು ಬಿಡಬೇಕು ಎಂಬ ವ್ಯಾವಹಾರಿಕ ತರ್ಕ ಅದರ ಹಿಂದಿತ್ತು.

ಈ ನಡುವೆ, ಕೆ. ಸಂತಾನಂ ಅವರ ಅಧ್ಯಕ್ಷತೆಯಲ್ಲಿ 1962ರಲ್ಲಿ ನೇಮಕವಾಗಿ 1964ರಲ್ಲಿ ವರದಿ ಒಪ್ಪಿಸಿದ ಭ್ರಷ್ಟಾಚಾರ ತಡೆ ಸಮಿತಿಯು ಉದ್ಯಮಿಗಳ ಕಡೆಗೆ ನೇರವಾಗಿ ಬೆರಳು ತೋರಿಸಿತ್ತು. ಕೆಡಿಸುವ ಮನಸ್ಸೂ ಶಕ್ತಿಯೂ ಉಳ್ಳವರಿದ್ದರೆ ಮಾತ್ರ ಭ್ರಷ್ಟಾಚಾರ ಉಳಿಯಲು ಸಾಧ್ಯವೆಂದೂ, ಇವೆರಡೂ ಕೈಗಾರಿಕೆ ಮತ್ತು ವಾಣಿಜ್ಯ ವರ್ಗದಲ್ಲಿ ಧಾರಾಳವಾಗಿ ಕಂಡುಬರುತ್ತವೆಂದೂ ಅದು ವಿಷಾದದಿಂದ ದಾಖಲಿಸಿತು. ಕಡತ ಮುಂದೆ ಸಾಗಲೆಂದು ಕೊಡುವ ‘ಸ್ಪೀಡ್ ಮನಿ’ಯನ್ನು, ಅಂದರೆ ಅಕ್ರಮ ಲಾಭಕ್ಕಾಗಿ ಅಲ್ಲದೆ ವೇಗಕ್ಕಾಗಿ ತೆರುವ ಹಣವನ್ನು, ಸರ್ಕಾರಿ ವರದಿಯ ಮಟ್ಟದಲ್ಲಿ ಗುರುತಿಸಿದ ಶ್ರೇಯವೂ ಅದಕ್ಕೇ ಸಲ್ಲಬೇಕು. ಸಮಿತಿಯ ಶಿಫಾರಸಿನಂತೆ 1964ರಲ್ಲಿ ಸ್ಥಾಪನೆಯಾದ ಕೇಂದ್ರ ಜಾಗೃತ ಆಯೋಗದ ಮೊದಲ ಆಯುಕ್ತರಾದವರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು. ಆದರೆ ಆಯೋಗದ ಅಧಿಕಾರ ನೌಕರವರ್ಗದ ಮೇಲಷ್ಟೇ ಇತ್ತು. ಸಮಿತಿ ಹೆಸರಿಟ್ಟು ತೋರಿಸಿದ ಇನ್ನೊಂದು ವರ್ಗ ಅರ್ಧ ಶತಮಾನಕ್ಕೂ ಮೀರಿ ಬಹುಮಟ್ಟಿಗೆ ನಿರಾತಂಕವಾಗಿ ಉಳಿಯಿತು.

2011ರಲ್ಲಿ, ಭಾರತ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಅವರು ಒಂದು ಪ್ರಬಂಧ ಪ್ರಕಟಿಸಿ, ಕಿರುಕುಳದ ಲಂಚದ ಸಂದರ್ಭದಲ್ಲಿ ಕೊಡುವುದನ್ನು ಅಪರಾಧವಲ್ಲವೆಂದು ಘೋಷಿಸಿ, ಪಡೆಯುವವನಿಗೆ ದಂಡ ಹೆಚ್ಚಿಸಿದರೆ, ಕೊಟ್ಟವನು ಧೈರ್ಯವಾಗಿ ದೂರು ಕೊಡುತ್ತಾನೆ, ಆ ಭಯದಿಂದ ಪಡೆಯುವವನು ಕೇಳುವುದನ್ನೇ ಬಿಡುತ್ತಾನೆ ಎಂದು ವಾದಿಸಿದರು. ವಾದಕ್ಕೆ ಕಟುವಾದ ವಿರೋಧ ಬಂತು. ಕೊಡುವುದಕ್ಕೆ ಸರ್ಕಾರವೇ ಮುದ್ರೆ ಒತ್ತಿದಂತಾಗುತ್ತದೆ ಎಂಬುದು ವಿರೋಧದ ತಿರುಳು. ಪಡಿತರ ಚೀಟಿಯ ಅರ್ಜಿದಾರನಿಗೆ ಬಸು ಅವರ ತರ್ಕ ಸಲ್ಲಬಹುದೇನೋ. ಕಂಪನಿಯ ವಿಷಯದಲ್ಲಿ ಅದು ಸಲ್ಲದು, ಏಕೆಂದರೆ ಕಂಪನಿಗೆ ಅದೇ ಕಚೇರಿಯ ಮೆಟ್ಟಿಲನ್ನು ವರ್ಷಕ್ಕೆ ಹತ್ತಾರು ಬಾರಿ ಹತ್ತುವುದಿರುತ್ತದೆ. ಒಮ್ಮೆ ಕೊಟ್ಟು ಮರುದಿನ ದೂರು ಕೊಡುವುದು ಒಂದೇ ಸಲದ ಅರ್ಜಿದಾರನಿಗೆ ಸಾಧ್ಯ, ನಿತ್ಯದ ಗಿರಾಕಿಗಲ್ಲ.

2018ರ ತಿದ್ದುಪಡಿ ಬಸು ಅವರ ಸಲಹೆಗೆ ತದ್ವಿರುದ್ಧವಾದ ದಿಕ್ಕಿಗೆ ಹೋಯಿತು. ಆ ವರ್ಷದ ಜುಲೈ 26ರಿಂದ ಲಂಚ ಕೊಡುವುದು ತಾನೇ ತಾನಾಗಿ ಅಪರಾಧ. ಶಿಕ್ಷೆ ಏಳು ವರ್ಷದವರೆಗಿನ ಸೆರೆವಾಸ, ದಂಡ ಅಥವಾ ಎರಡೂ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನಿಗೆ ವಿನಾಯಿತಿ. ಮೊದಲೇ ತಿಳಿಸಿ, ಅಧಿಕಾರಿಯನ್ನು ಬಲೆಗೆ ಕೆಡವಲೆಂದು ಕೊಟ್ಟವನೂ ಸುರಕ್ಷಿತ. 9ನೇ ಕಲಂ ವಾಣಿಜ್ಯ ಸಂಸ್ಥೆಯನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿತು: ಸಂಸ್ಥೆಗೆ ಸಂಬಂಧಿಸಿದ ಯಾವನೇ ವ್ಯಕ್ತಿ, ಅವನು ನೌಕರನಾಗಿರಲಿ, ಏಜೆಂಟನಾಗಿರಲಿ, ಅಂಗಸಂಸ್ಥೆಯಾಗಿರಲಿ, ಸಂಸ್ಥೆಯ ವ್ಯವಹಾರಕ್ಕಾಗಿ ಲಂಚ ಕೊಟ್ಟರೆ ಸಂಸ್ಥೆ ಹೊಣೆ, ಅದನ್ನು ತಡೆಯಲು ತಕ್ಕಷ್ಟು ವ್ಯವಸ್ಥೆ ತನ್ನಲ್ಲಿತ್ತೆಂದು ತೋರಿಸಿಕೊಡುವುದೊಂದೇ ಅದಕ್ಕಿರುವ ಸಮರ್ಥನೆ. ನಿರ್ದೇಶಕರ ಸಮ್ಮತಿಯೋ ಮೌನ ಸಹಕಾರವೋ ಸಾಬೀತಾದರೆ 10ನೇ ಕಲಮಿನಂತೆ ಅವರಿಗೆ ಮೂರರಿಂದ ಏಳು ವರ್ಷ ಸೆರೆವಾಸ. ಬ್ರಿಟನ್ನಿನ 2010ರ ಲಂಚ ಕಾಯ್ದೆಯ ಛಾಯೆ ಇದರಲ್ಲಿ ಎದ್ದು ಕಾಣುತ್ತದೆ. ಏಳು ದಿನಗಳ ಗಡುವಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು: ಕೊಟ್ಟ ಹಣದ ಫಲವಾಗಿ ಬರಬೇಕಾದ ಅನುಮತಿ ಬಹುತೇಕ ಏಳು ದಿನಗಳಲ್ಲಿ ಬಂದಿರುವುದಿಲ್ಲ, ಹಾಗಾಗಿ ದೂರು ಕೊಟ್ಟವನು ಹಣವನ್ನೂ ಕಡತವನ್ನೂ ಒಟ್ಟಿಗೆ ಕಳೆದುಕೊಳ್ಳುವ ಭಯದಲ್ಲಿರುತ್ತಾನೆ. ಸಣ್ಣ ಗುತ್ತಿಗೆದಾರನ ಪಾಲಿಗೆ ಇದು ಕಾಗದದ ಮೇಲಿನ ವಿನಾಯಿತಿಯಾಗಿಯೇ ಉಳಿಯುವ ಸಂಭವ ಹೆಚ್ಚು.

ಸರ್ಕಾರಿ ನೌಕರ ಎಂಬುದರ ವ್ಯಾಪ್ತಿಯನ್ನೂ ಇಲ್ಲಿ ಗಮನಿಸಬೇಕು. ತಹಶೀಲ್ದಾರ, ಎಂಜಿನಿಯರ್, ಅಬಕಾರಿ ನಿರೀಕ್ಷಕರಷ್ಟೇ ಅಲ್ಲದೆ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವ ಮ್ಯಾನೇಜರನೂ ಈ ಕಾಯ್ದೆಯ ಮಟ್ಟಿಗೆ ಸರ್ಕಾರಿ ನೌಕರನೇ. ಖಾಸಗಿ ಬ್ಯಾಂಕಿನ ಅಧ್ಯಕ್ಷ ಮತ್ತು ನಿರ್ದೇಶಕರೂ ಈ ವ್ಯಾಪ್ತಿಗೆ ಬರುತ್ತಾರೆಂದು ಸುಪ್ರೀಂ ಕೋರ್ಟು 2016ರಲ್ಲಿ ತೀರ್ಪಿತ್ತಿದೆ. ಕಂಪನಿಯಿಂದ ಕಂಪನಿಗೆ ನಡೆಯುವ ವ್ಯಾಪಾರವೆಂದು ಭಾವಿಸಿ ಹಗುರವಾಗಿ ನಡೆದುಕೊಳ್ಳುವವರು ಎಡವುವುದು ಇಲ್ಲಿಯೇ. ಮೂಗ್ ಎಂಬ ಅಮೆರಿಕದ ಕಂಪನಿಯ ಬೆಂಗಳೂರಿನ ಅಂಗಸಂಸ್ಥೆಯ ನೌಕರರು ಹಿಂದುಸ್ತಾನ್ ಏರೋನಾಟಿಕ್ಸ್ ಮತ್ತು ದಕ್ಷಿಣ ಮಧ್ಯ ರೈಲ್ವೆಯಿಂದ ವ್ಯವಹಾರ ಪಡೆಯಲು ಅಡ್ಡದಾರಿ ಹಿಡಿದರೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗ, ಅಂದರೆ ಎಸ್‌ಇಸಿ, 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮಾತೃಸಂಸ್ಥೆ ಸುಮಾರು 17 ಲಕ್ಷ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಂಡಿತು.

ಬೆಂಗಳೂರಿನ ಕಚೇರಿಯ ತಪ್ಪಿಗೆ ಅಮೆರಿಕದಲ್ಲಿ ದಂಡ ಏಕೆ ಎಂಬ ಪ್ರಶ್ನೆಗೆ ಉತ್ತರ 1970ರ ದಶಕದಲ್ಲಿದೆ. ಲಾಕ್‌ಹೀಡ್ ಎಂಬ ವಿಮಾನ ಕಂಪನಿ ಜಪಾನ್, ನೆದರ್ಲೆಂಡ್ಸ್ ಮೊದಲಾದ ದೇಶಗಳ ಪ್ರಭಾವಿಗಳಿಗೆ ಹಣ ಹಂಚಿದ್ದು ಅಮೆರಿಕದ ಸೆನೆಟ್ಟಿನ ಉಪಸಮಿತಿಯ ವಿಚಾರಣೆಯಲ್ಲಿ ಬಯಲಾಯಿತು. ಜಪಾನಿನ ಮಾಜಿ ಪ್ರಧಾನಿ ಕಾಕುಎ ತನಾಕಾ 1976ರಲ್ಲಿ ಬಂಧನಕ್ಕೊಳಗಾದರು. ನಾನೂರಕ್ಕೂ ಹೆಚ್ಚು ಕಂಪನಿಗಳು ಒಟ್ಟು 30 ಕೋಟಿ ಡಾಲರಿಗೂ ಮೀರಿದ ಶಂಕಾಸ್ಪದ ಪಾವತಿಗಳನ್ನು ಒಪ್ಪಿಕೊಂಡವು. ಇದರ ಫಲವೇ 1977ರ ವಿದೇಶಿ ಭ್ರಷ್ಟಾಚಾರ ಕಾಯ್ದೆ, ರೂಢಿಯಲ್ಲಿ ಎಫ್‌ಸಿಪಿಎ. ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ನಿಷೇಧಿಸುವ ಅದರ ಮೊದಲ ಭಾಗವೇ ಎಲ್ಲರ ಬಾಯಲ್ಲಿದ್ದರೂ ಎರಡನೆಯ ಭಾಗವೇ ಹೆಚ್ಚು ಜಾಣತನದ್ದು. ಅಲ್ಲಿನ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ಪ್ರತಿಯೊಂದು ವಹಿವಾಟನ್ನು ಸತ್ಯಕ್ಕೆ ಚ್ಯುತಿ ಬಾರದಂತೆ, ಸಾಕಷ್ಟು ವಿವರವಾಗಿ ಪುಸ್ತಕದಲ್ಲಿ ಬರೆದಿರಬೇಕು ಎಂದು ಅದು ವಿಧಿಸುತ್ತದೆ. ಲಂಚ ಕೊಟ್ಟದ್ದು ಸಾಬೀತಾಗದಿದ್ದರೂ ಸುಳ್ಳು ಲೆಕ್ಕ ಬರೆದದ್ದು ಸಾಬೀತಾದರೆ ಸಾಕು.

ಲಂಚ ಎಂಬ ಹೆಸರಿನ ಖಾತೆ ಯಾವ ಕಂಪನಿಯ ಪುಸ್ತಕದಲ್ಲಿಯೂ ಇರುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿಗೆ 1998ರಲ್ಲಿ ಸೇರಿಸಿದ ವಿವರಣೆಯ ಪ್ರಕಾರ ಅಪರಾಧಕ್ಕಾಗಿ ಮಾಡಿದ ಖರ್ಚನ್ನು ಲಾಭದಿಂದ ಕಳೆಯಲು ಬರುವುದಿಲ್ಲ. ಆದ್ದರಿಂದ ಅದು ಬೇರೊಂದು ವೇಷ ತೊಡಲೇಬೇಕು. ಸಾದಿಲ್ವಾರು ಖರ್ಚು, ಸಲಹಾ ಶುಲ್ಕ, ಸಾಗಣೆ ವೆಚ್ಚ, ಹಬ್ಬದ ಉಡುಗೊರೆ, ಸೈಟಿನ ಖರ್ಚು, ಕಮಿಷನ್ ಇವು ಆ ವೇಷಗಳ ಸಾಮಾನ್ಯ ಹೆಸರುಗಳು. ಜರ್ಮನಿಯಲ್ಲಿ ಇದಕ್ಕಿಂತ ನಿರ್ಭೀತ ಸ್ಥಿತಿ ಇತ್ತು: ವಿದೇಶದಲ್ಲಿ ಕೊಟ್ಟ ಲಂಚವನ್ನು ಉಪಯುಕ್ತ ವೆಚ್ಚವೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಲು 1999ರವರೆಗೆ ಅವಕಾಶವಿತ್ತು. ಆ ಬಾಗಿಲು ಮುಚ್ಚಿದ ಮೇಲೆಯೂ ಅಭ್ಯಾಸ ಬಿಡದ ಸೀಮೆನ್ಸ್ ಕಂಪನಿಯಲ್ಲಿ ನೌಕರರು ಸೂಟ್‌ಕೇಸು ತಂದು ನಗದು ತುಂಬಿಸಿಕೊಂಡು ಹೋಗುವ ಕೌಂಟರುಗಳಿದ್ದವು. ಪಾವತಿಯ ಕಾಗದದ ಮೇಲೆ ಮೇಲಧಿಕಾರಿಗಳ ಸಹಿಯನ್ನು, ಬೇಕಾದಾಗ ಕಿತ್ತುಹಾಕಲು ಬರುವಂತೆ, ಅಂಟುಚೀಟಿಯ ಮೇಲೆ ಪಡೆಯಲಾಗುತ್ತಿತ್ತು. 2008ರಲ್ಲಿ ಅಮೆರಿಕ ಮತ್ತು ಜರ್ಮನಿಗಳಿಗೆ ಆ ಕಂಪನಿ ತೆತ್ತದ್ದು ಒಟ್ಟು ಸುಮಾರು 160 ಕೋಟಿ ಡಾಲರ್. ತಾನು ಮಾಡುತ್ತಿರುವುದು ತಪ್ಪೆಂಬ ಅರಿವು ಇಲ್ಲದ ಕಡೆ ಸಹಿಯನ್ನು ಅಂಟುಚೀಟಿಯ ಮೇಲೆ ಹಾಕುವ ಅಗತ್ಯ ಬೀಳುವುದಿಲ್ಲ.

ಭಾರತಕ್ಕೆ ಸಂಬಂಧಿಸಿದ ಪ್ರಕರಣಗಳಲ್ಲಿ ಹೆಚ್ಚು ಬೋಧಪ್ರದವಾದದ್ದು ಕ್ಯಾಡ್‌ಬರಿ ಇಂಡಿಯಾದ್ದು. ಹಿಮಾಚಲ ಪ್ರದೇಶದ ಬದ್ದಿಯಲ್ಲಿ ಕಂಪನಿಯ ಚಾಕೊಲೇಟ್ ಕಾರ್ಖಾನೆಯ ವಿಸ್ತರಣೆ ನಡೆದಿತ್ತು. ಆ ರಾಜ್ಯದಲ್ಲಿ 2010ರ ಮಾರ್ಚ್ 31ರೊಳಗೆ ಉತ್ಪಾದನೆ ಆರಂಭಿಸಿದ ಹೊಸ ಘಟಕಗಳಿಗೆ ಹತ್ತು ವರ್ಷಗಳ ಅಬಕಾರಿ ಸುಂಕ ವಿನಾಯಿತಿ ಇತ್ತು. ಗಡುವು ಮುಗಿಯುವಾಗ ಅಲ್ಲಿ ನಿಜವಾಗಿ ಪ್ರತ್ಯೇಕ ಘಟಕವಿತ್ತೇ ಎಂಬುದು ಮುಂದೆ ಸುಂಕ ಇಲಾಖೆಯ ತಕರಾರಾಯಿತು; ಅದು ಬೇರೆಯೇ ವ್ಯಾಜ್ಯ. ಇಲ್ಲಿ ಮುಖ್ಯವಾದದ್ದು 2010ರ ಆರಂಭದಲ್ಲಿ ಕಂಪನಿ ಗೊತ್ತುಮಾಡಿದ ಒಬ್ಬ ಏಜೆಂಟ್. ಪರವಾನಗಿಗಳ ಸಂಬಂಧ ಅಧಿಕಾರಿಗಳೊಂದಿಗೆ ವ್ಯವಹರಿಸಬೇಕಾಗಿದ್ದ ಆತ ಕೆಲವೇ ತಿಂಗಳುಗಳಲ್ಲಿ ಐದು ಬಿಲ್ಲುಗಳನ್ನು ಸಲ್ಲಿಸಿದ. ಕಂಪನಿ ಕೊಟ್ಟದ್ದು ಸುಮಾರು 90,000 ಡಾಲರ್, ಅಂದಿನ ದರದಲ್ಲಿ ಸರಿಸುಮಾರು 40 ಲಕ್ಷ ರೂಪಾಯಿ. ಪರವಾನಗಿ ಅರ್ಜಿಗಳನ್ನು ಸಿದ್ಧಪಡಿಸಿದ್ದಕ್ಕೆ ಎಂಬ ಅರ್ಥದ ಮಾತುಗಳು ಬಿಲ್ಲಿನಲ್ಲಿದ್ದವು. ಆ ಅರ್ಜಿಗಳನ್ನು ಸಿದ್ಧಪಡಿಸಿದವರು ಮಾತ್ರ ಕಂಪನಿಯ ನೌಕರರೇ! ಪ್ರತಿ ಪಾವತಿ ಬಂದ ಮೇಲೆ ಏಜೆಂಟ್ ಅದರ ಬಹುಪಾಲನ್ನು ನಗದಾಗಿ ತೆಗೆದಿದ್ದ. ಆ ನಗದು ಯಾವ ಅಧಿಕಾರಿಯ ಕೈಸೇರಿತು ಎಂಬುದನ್ನು ಎಸ್‌ಇಸಿ ತೋರಿಸಬೇಕಾಗಿಯೇ ಇರಲಿಲ್ಲ. ಏಜೆಂಟನ ಹಿನ್ನೆಲೆಯನ್ನು ವಿಚಾರಿಸಲಿಲ್ಲ, ಅವನು ಏನು ಮಾಡುತ್ತಾನೆಂದು ಗಮನಿಸಲಿಲ್ಲ, ಮಾಡದ ಕೆಲಸವನ್ನು ಮಾಡಿದಂತೆ ಪುಸ್ತಕದಲ್ಲಿ ಬರೆಯಲಾಯಿತು, ಇಷ್ಟೇ ಆರೋಪ. ಕ್ಯಾಡ್‌ಬರಿಯನ್ನು ಕೊಂಡಿದ್ದ ಮಾಂಡೆಲೀಜ್ ಕಂಪನಿ, ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 2017ರ ಜನವರಿಯಲ್ಲಿ 1.3 ಕೋಟಿ ಡಾಲರ್ ದಂಡ ಕಟ್ಟಿತು.

ಈ ಪ್ರಕರಣದಿಂದ ಹೊರಡುವ ಪರೀಕ್ಷೆ ಬಹಳ ಸರಳವಾದದ್ದು, ಮತ್ತು ಯಾವ ಸಣ್ಣ ಉದ್ಯಮವೂ ಅದನ್ನು ನಡೆಸಬಹುದು. ಮಧ್ಯವರ್ತಿಯ ಬಿಲ್ಲನ್ನು ಮುಂದಿಟ್ಟುಕೊಂಡು, ಇದರಲ್ಲಿ ಬರೆದ ಕೆಲಸವನ್ನು ನಿಜವಾಗಿ ಮಾಡಿದವರು ಯಾರು, ಆ ಕೆಲಸಕ್ಕೆ ಪೇಟೆಯಲ್ಲಿ ಎಷ್ಟು ದರವಿದೆ, ಹಣವನ್ನು ಚೆಕ್ಕಿನಲ್ಲಿ ಕೇಳಿದ್ದಾನೋ ನಗದಾಗಿ ಕೇಳಿದ್ದಾನೋ ಎಂದು ಕೇಳಿದರೆ ಬಹುಮಟ್ಟಿಗೆ ಸತ್ಯ ಹೊರಬರುತ್ತದೆ. ಮಧ್ಯವರ್ತಿ ಇರಬಾರದೆಂದಲ್ಲ. ಕಸ್ಟಮ್ಸ್ ಏಜೆಂಟ್, ತೆರಿಗೆ ಸಲಹೆಗಾರ, ನಕ್ಷೆ ಮಂಜೂರಾತಿ ಮಾಡಿಸುವ ಎಂಜಿನಿಯರ್ ಇವರೆಲ್ಲ ಜ್ಞಾನವನ್ನು ಮಾರುವ ನ್ಯಾಯವಾದ ವೃತ್ತಿಯವರು. ಜ್ಞಾನಕ್ಕೆ ಬದಲಾಗಿ ಪರಿಚಯವನ್ನು ಮಾರುವವನು ಬೇರೆ ಜಾತಿಯವನು. ಎಲ್ಲಾ ಸೇರಿಸಿ ಇಷ್ಟು ಎಂದು ಗುತ್ತಿಗೆ ಮಾತನಾಡಿ, ‘ಎಲ್ಲಾ’ ಎಂಬುದರೊಳಗೆ ಏನೇನಿದೆ ಎಂದು ಕೇಳಬೇಡಿ ಎನ್ನುವ ಏಜೆಂಟನ ಬಳಿ ಕಂಪನಿ ಕೊಳ್ಳುವುದು ಸೇವೆಯನ್ನಲ್ಲ, ತನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶವನ್ನು.

ಚೆನ್ನೈಯ ಒಂದು ಪ್ರಕರಣದಲ್ಲಿ ಈ ಅವಕಾಶವನ್ನು ಇನ್ನಷ್ಟು ನಾಜೂಕಾಗಿ ಕಟ್ಟಲಾಗಿತ್ತು. ಕಾಗ್ನಿಜೆಂಟ್ ಕಂಪನಿ ಅಲ್ಲಿ 27 ಲಕ್ಷ ಚದರ ಅಡಿಯ ಕ್ಯಾಂಪಸ್ ಕಟ್ಟಿಸುತ್ತಿತ್ತು. 2014ರಲ್ಲಿ ಯೋಜನಾ ಅನುಮತಿಗಾಗಿ ತಮಿಳುನಾಡಿನ ಹಿರಿಯ ಅಧಿಕಾರಿಯೊಬ್ಬರು ಕಟ್ಟಡದ ಗುತ್ತಿಗೆದಾರ ಸಂಸ್ಥೆಯಿಂದ 20 ಲಕ್ಷ ಡಾಲರ್ ಕೇಳಿದರೆಂದೂ, ಕಂಪನಿಯ ಉನ್ನತಾಧಿಕಾರಿಗಳು ಅದನ್ನು ಕೊಡುವಂತೆ ಗುತ್ತಿಗೆದಾರನಿಗೆ ಸೂಚಿಸಿದರೆಂದೂ, ಆ ಹಣವನ್ನು ಸುಳ್ಳು ಚೇಂಜ್ ಆರ್ಡರುಗಳ ಮೂಲಕ, ಅಂದರೆ ಕಾಮಗಾರಿಯಲ್ಲಿ ಬದಲಾವಣೆ ಆಗಿದೆಯೆಂದು ತೋರಿಸುವ ಹೆಚ್ಚುವರಿ ಬಿಲ್ಲುಗಳ ಮೂಲಕ, ಗುತ್ತಿಗೆದಾರನಿಗೆ ತುಂಬಿಕೊಡಲಾಯಿತೆಂದೂ ಎಸ್‌ಇಸಿ ಆರೋಪಿಸಿತು. 2019ರ ಫೆಬ್ರುವರಿಯಲ್ಲಿ ಕಂಪನಿ ಸುಮಾರು 2.5 ಕೋಟಿ ಡಾಲರ್ ತೆತ್ತಿತು; ವಿಷಯ ತಿಳಿದೊಡನೆ ಆಡಳಿತ ಮಂಡಳಿ ತಾನಾಗಿಯೇ ಸರ್ಕಾರಕ್ಕೆ ತಿಳಿಸಿದ್ದರಿಂದ ಅದರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡದಿರಲು ಅಮೆರಿಕದ ನ್ಯಾಯ ಇಲಾಖೆ ತೀರ್ಮಾನಿಸಿತು. ಇಬ್ಬರು ಮಾಜಿ ಅಧಿಕಾರಿಗಳ ಮೇಲಿನ ಮೊಕದ್ದಮೆ ಮಾತ್ರ ಮುಂದುವರಿದು, 2025ರ ಏಪ್ರಿಲಿನಲ್ಲಿ ವಿಚಾರಣೆಗೆ ಮೊದಲೇ ಕೈಬಿಡಲ್ಪಟ್ಟಿತು.

ಚೆನ್ನೈಯಲ್ಲಿಯೂ ಬದ್ದಿಯಲ್ಲಿಯೂ ಸಮಾನವಾಗಿ ಕಾಣುವುದು ಗಡುವು. ಕಟ್ಟಡ ಏಳುತ್ತಿದೆ, ಅನುಮತಿ ಕೈಗೆ ಬಂದಿಲ್ಲ, ದಿನಕ್ಕಿಷ್ಟು ಎಂದು ನಷ್ಟ ಏರುತ್ತಿದೆ. ಆಗ 20 ಲಕ್ಷ ಡಾಲರ್ ಕೂಡ ಉಳಿತಾಯದಂತೆ ಕಾಣತೊಡಗುತ್ತದೆ. ಲಂಚವು ಜಡ್ಡುಗಟ್ಟಿದ ಆಡಳಿತದ ಗಾಲಿಗೆ ಹಾಕುವ ಎಣ್ಣೆ ಎಂದು ಅರ್ಥಶಾಸ್ತ್ರಜ್ಞ ನಥಾನಿಯಲ್ ಲೆಫ್ 1964ರಲ್ಲಿ ವಾದಿಸಿದ್ದು ಈ ಲೆಕ್ಕಾಚಾರದ ಮೇಲೆಯೇ. ಅದಕ್ಕೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1968ರಲ್ಲಿ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿ ನಿಂತಿದೆ: ವಿಳಂಬಕ್ಕೆ ಬೆಲೆ ಸಿಗುತ್ತದೆಂದು ಗೊತ್ತಾದ ಕಚೇರಿ ವಿಳಂಬವನ್ನೇ ಉತ್ಪಾದಿಸುತ್ತದೆ. ಮಿರ್ಡಾಲ್ ಗಮನಿಸಿದ್ದು ಕಚೇರಿಯ ಕಡೆಯನ್ನು. ಉದ್ಯಮದ ಕಡೆಯಿಂದ ನೋಡಿದರೆ, ಆರು ತಿಂಗಳು ಹಿಡಿಯುವ ಅನುಮತಿಗೆ ತನ್ನ ವೇಳಾಪಟ್ಟಿಯಲ್ಲಿ ಎರಡು ತಿಂಗಳು ಬರೆದುಕೊಂಡ ಸಂಸ್ಥೆ, ಉಳಿದ ನಾಲ್ಕು ತಿಂಗಳ ಬೆಲೆಯನ್ನು ಯಾರಿಗಾದರೂ ತೆರಬೇಕಾಗುತ್ತದೆ ಎಂಬುದನ್ನು ಆ ದಿನವೇ ಒಪ್ಪಿಕೊಂಡಂತಾಯಿತು. ವೇಳಾಪಟ್ಟಿಯನ್ನು ಮಂಜೂರು ಮಾಡುವವರು ಆಡಳಿತ ಮಂಡಳಿಯವರು. ಲಕೋಟೆ ಹಿಡಿದು ಹೋಗುವವನು ಸೈಟಿನ ಮ್ಯಾನೇಜರ್. ಸಿಕ್ಕಿಬೀಳುವವನೂ ಅವನೇ.

ತಾಳ್ಮೆಯ ದಾರಿ ಎಲ್ಲ ಕಡೆಯೂ ಮುಚ್ಚಿಲ್ಲ ಎಂಬುದನ್ನು ಉದ್ಯಮಿಗಳು ಮರೆಯುವುದುಂಟು. 1974ರ ಜಲ ಮಾಲಿನ್ಯ ಕಾಯ್ದೆಯ 25ನೇ ಕಲಮಿನಂತೆ ಮಂಡಳಿ ನಾಲ್ಕು ತಿಂಗಳೊಳಗೆ ನಿರ್ಧಾರ ಕೈಗೊಳ್ಳದಿದ್ದರೆ ಸಮ್ಮತಿ ಕೊಟ್ಟಂತೆಯೇ ಎಂದು ಭಾವಿಸಲಾಗುತ್ತದೆ. ಇದನ್ನು ಉಪಯೋಗಿಸಬೇಕಾದರೆ ಅರ್ಜಿ ಲೋಪವಿಲ್ಲದೆ ಇರಬೇಕು, ಸ್ವೀಕೃತಿಯ ದಿನಾಂಕ ಕೈಯಲ್ಲಿರಬೇಕು. ಕರ್ನಾಟಕದ 2011ರ ಸಕಾಲ ಕಾಯ್ದೆ ಸೇವೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಗೊತ್ತುಪಡಿಸಿದೆ. ಕಂಪನಿಗೆ 500 ರೂಪಾಯಿ ಕಾಫಿಯ ಖರ್ಚಿಗೂ ಸಾಲದು, ಹಾಗಾಗಿ ಕೇಳುವವರಿಲ್ಲ. ಆದರೆ ಆ ಮೊತ್ತವನ್ನು ಕೇಳಿ ಪಡೆದರೆ ವಿಳಂಬ ಕಡತದ ಮೇಲೆ ದಾಖಲಾಗುತ್ತದೆ, ಅದರ ಹೊಣೆ ಒಬ್ಬ ಹೆಸರುಳ್ಳ ನೌಕರನ ಮೇಲೆ ಬೀಳುತ್ತದೆ. ನಾಡಿನ ಉದ್ಯಮಿಗಳು ಇದನ್ನು ಒಂದು ಪರಿಪಾಠವಾಗಿ ಮಾಡಿಕೊಂಡಿದ್ದರೆ ಅದರ ಪರಿಣಾಮ 500 ರೂಪಾಯಿಗಿಂತ ಎಷ್ಟೋ ದೊಡ್ಡದಾಗಿರುತ್ತಿತ್ತು.

ಸರ್ಕಾರವೇ ಗಿರಾಕಿಯಾಗಿರುವ ಕಡೆ ಇಕ್ಕಟ್ಟು ಬೇರೆ ಬಗೆಯದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಟೆಂಡರನ್ನು ಕಡ್ಡಾಯಗೊಳಿಸಿದೆಯಾದರೂ, ಅದರ 4(ಜಿ) ವಿನಾಯಿತಿಯನ್ನು, ಅಂದರೆ ಟೆಂಡರಿಲ್ಲದೆ ಕೆಲಸ ವಹಿಸಲು ಸರ್ಕಾರಕ್ಕಿರುವ ಅವಕಾಶವನ್ನು, ಗುತ್ತಿಗೆ ವಲಯದಲ್ಲಿ ಅರಿಯದವರಿಲ್ಲ. ಟೆಂಡರು ನ್ಯಾಯವಾಗಿ ಸಿಕ್ಕಿದರೂ ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಕಾಮಗಾರಿಯನ್ನು ಅಳೆದು ಬರೆಯಬೇಕು, ಬಿಲ್ಲು ಪಾಸಾಗಬೇಕು, ಹಣ ಬಿಡುಗಡೆಯ ಎಲ್‌ಒಸಿ ಬರಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಪರ್ಸೆಂಟೇಜಿನ ಮಾತು ಬರುತ್ತದೆಂಬುದು ಗುತ್ತಿಗೆದಾರರ ಬಹುಕಾಲದ ಅಳಲು. ರಾಜ್ಯದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿ ಇದನ್ನು ಬಹಿರಂಗವಾಗಿ ಆರೋಪಿಸಿದಾಗ ಅದು ರಾಜಕೀಯದ ಹೋರಾಟವಾಗಿ ಮಾರ್ಪಟ್ಟಿತು. ರಾಜಕೀಯವನ್ನು ಬದಿಗಿಟ್ಟು ನೋಡಿದರೆ ಆ ಪತ್ರದ ಇನ್ನೊಂದು ಮುಖ ಕಾಣುತ್ತದೆ. ಪರ್ಸೆಂಟೇಜು ಕೊಟ್ಟು ಲಾಭ ಉಳಿಸಿಕೊಂಡ ಕಾಮಗಾರಿಯಲ್ಲಿ ಕಡಿಮೆಯಾದದ್ದು ಡಾಂಬರೋ ಸಿಮೆಂಟೋ ಆಗಿರಲೇಬೇಕು. ಹೆಚ್ಚುವರಿ ಹಣ ಆಕಾಶದಿಂದ ಉದುರುವುದಿಲ್ಲ. ಹೀಗೆ ಕಿರುಕುಳದ ಲಂಚವಾಗಿ ಹುಟ್ಟಿದ್ದು ರಸ್ತೆಯ ಮೇಲೆ ಒಳಒಪ್ಪಂದದ ಲಂಚವಾಗಿ ಮುಗಿಯುತ್ತದೆ.

ಆದರೂ ಒಬ್ಬೊಬ್ಬರಾಗಿ ಕೊಡುವುದಕ್ಕಿಂತ ಸಂಘವಾಗಿ ದನಿ ಎತ್ತುವುದು ಶ್ರೇಯಸ್ಕರ ಎಂಬುದರಲ್ಲಿ ಸಂದೇಹವಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ಛೇಂಬರ್ ಆಫ್ ಕಾಮರ್ಸ್ ಹುಟ್ಟಿದ್ದು, ಅದೇ ಇಂದು ಎಫ್‌ಕೆಸಿಸಿಐ ಆಗಿ ಬೆಳೆದದ್ದು, ವ್ಯಾಪಾರಿಯ ಅಹವಾಲು ಸರ್ಕಾರಕ್ಕೆ ತೆರೆದ ಬಾಗಿಲಿನಿಂದ ಮುಟ್ಟಬೇಕೆಂಬ ಆಶಯದಿಂದ. ನೀತಿ ಬದಲಿಸಿ ಎಂದು ಎಲ್ಲರಿಗೂ ಕಾಣುವಂತೆ ಕೇಳುವುದು ಉದ್ಯಮದ ಹಕ್ಕು. ತನ್ನೊಬ್ಬನಿಗೆ ನೀತಿ ಸಡಿಲಿಸಿ ಎಂದು ಮುಚ್ಚಿದ ಕೋಣೆಯಲ್ಲಿ ಕೇಳುವುದು ಹಕ್ಕಲ್ಲ. ರಾಜಕೀಯ ಪಕ್ಷಗಳಿಗೆ ಕೊಡುವ ದೇಣಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಮೂರು ವರ್ಷಗಳ ಸರಾಸರಿ ಲಾಭದ ಶೇ 7.5ರ ಮಿತಿಯನ್ನು 2017ರಲ್ಲಿ ತೆಗೆದುಹಾಕಿದ್ದನ್ನೂ, ಕೊಟ್ಟವರ ಹೆಸರು ಮುಚ್ಚಿಡುವ ಚುನಾವಣಾ ಬಾಂಡ್ ಯೋಜನೆಯನ್ನೂ ಸುಪ್ರೀಂ ಕೋರ್ಟು 2024ರ ಫೆಬ್ರುವರಿ 15ರಂದು ಅಸಾಂವಿಧಾನಿಕವೆಂದು ಸಾರಿತು. ಆ ದಿನದವರೆಗೆ ಬಾಂಡು ಕೊಂಡ ಕಂಪನಿಗಳು ಕಾನೂನನ್ನು ಮುರಿದಿರಲಿಲ್ಲ ಎಂಬುದೇ, ಕಾನೂನುಬದ್ಧವಾದದ್ದೆಲ್ಲ ನೀತಿಬದ್ಧವಲ್ಲ ಎಂಬುದಕ್ಕೆ ಸಾಕಷ್ಟು ನಿದರ್ಶನ.

ಉಡುಗೊರೆ, ಊಟೋಪಚಾರಗಳ ವಿಷಯ ಹೆಚ್ಚು ಬೆಳೆಸಬೇಕಾದದ್ದಲ್ಲ. ಸರ್ಕಾರಿ ನೌಕರರ ನಡತೆ ನಿಯಮಗಳು ಸಾಂದರ್ಭಿಕ ಊಟವನ್ನು ಉಡುಗೊರೆಯೆಂದು ಎಣಿಸುವುದಿಲ್ಲ, ತಮ್ಮೊಂದಿಗೆ ಕಚೇರಿಯ ವ್ಯವಹಾರ ಇರುವವರಿಂದ ಅದ್ದೂರಿಯ ಅಥವಾ ಪದೇ ಪದೇ ಆತಿಥ್ಯ ಸ್ವೀಕರಿಸಬಾರದೆಂದು ಎಚ್ಚರಿಸುತ್ತವೆ. ದೀಪಾವಳಿಯ ಸಿಹಿಯ ಡಬ್ಬಿ ಕಚೇರಿಯ ವಿಳಾಸಕ್ಕೆ ಹೋಗುತ್ತದೆಯೋ ಮನೆಯ ವಿಳಾಸಕ್ಕೋ ಎಂದು ನೋಡಿದರೆ ಅದರ ಉದ್ದೇಶ ತಿಳಿಯುತ್ತದೆ. ನಿವೃತ್ತ ಅಧಿಕಾರಿಯನ್ನು ಸಲಹೆಗಾರನಾಗಿ ನೇಮಿಸಿಕೊಳ್ಳುವುದು ಇದಕ್ಕಿಂತ ಗಂಭೀರ. ಕೇಂದ್ರದ ಉನ್ನತ ಸೇವೆಯವರು ನಿವೃತ್ತಿಯ ನಂತರ ಒಂದು ವರ್ಷದೊಳಗೆ ಖಾಸಗಿ ಉದ್ಯೋಗ ಹಿಡಿಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮ, ಹತ್ತಾರು ವರ್ಷ ಬೆಳೆದ ಪರಿಚಯದ ಮುಂದೆ ತೀರ ದುರ್ಬಲವಾದ ತಡೆ.

ದೊಡ್ಡ ಖರೀದಿಗಳಲ್ಲಿ ಇಂಟೆಗ್ರಿಟಿ ಪ್ಯಾಕ್ಟ್, ಅಂದರೆ ಲಂಚ ಕೇಳುವುದಿಲ್ಲವೆಂದು ಕೊಳ್ಳುವವರೂ ಕೊಡುವುದಿಲ್ಲವೆಂದು ಮಾರುವವರೂ ಟೆಂಡರಿನ ಜೊತೆಗೇ ಸಹಿಹಾಕುವ ಕರಾರು, ಬಳಕೆಗೆ ಬಂದಿದೆ. 2006ರಲ್ಲಿ ಒಎನ್‌ಜಿಸಿ ಇದನ್ನು ಅಳವಡಿಸಿಕೊಂಡಿತು, ಮರುವರ್ಷ ಜಾಗೃತ ಆಯೋಗ ಇತರ ಸಾರ್ವಜನಿಕ ಸಂಸ್ಥೆಗಳಿಗೂ ಶಿಫಾರಸು ಮಾಡಿತು. ಹೊರಗಿನ ಸ್ವತಂತ್ರ ಮೇಲ್ವಿಚಾರಕರ ನೇಮಕ ಅದರ ಸತ್ವ. ಮೇಲ್ವಿಚಾರಕರ ಮುಂದೆ ದೂರು ಒಯ್ಯುವ ಬಿಡ್‌ದಾರ ಮುಂದಿನ ಟೆಂಡರಿನಲ್ಲಿ ಹೊರಗುಳಿಯುವ ಭಯವಿಲ್ಲದೆ ಇರಬೇಕಷ್ಟೆ.

ಅಮೆರಿಕದ ಅಧ್ಯಕ್ಷರು 2025ರ ಫೆಬ್ರುವರಿಯಲ್ಲಿ ಎಫ್‌ಸಿಪಿಎ ಜಾರಿಯನ್ನು ತಡೆಹಿಡಿದರು; ಜೂನಿನಲ್ಲಿ ಅಲ್ಲಿನ ನ್ಯಾಯ ಇಲಾಖೆ ಅಮೆರಿಕದ ಕಂಪನಿಗಳ ಹಿತಕ್ಕೆ ಧಕ್ಕೆ ತರುವ ಪ್ರಕರಣಗಳಿಗೆ ಆದ್ಯತೆ ಕೊಡುವ ಹೊಸ ಮಾರ್ಗಸೂಚಿ ಹೊರಡಿಸಿತು. ಬದ್ದಿಯಂಥ ಪ್ರಕರಣ ಇನ್ನು ವಾಷಿಂಗ್ಟನ್ನಿನ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಲಂಚವಿರೋಧಿ ತರಬೇತಿ, ಏಜೆಂಟರ ಹಿನ್ನೆಲೆ ತಪಾಸಣೆ, ನಗದು ಪಾವತಿಯ ನಿರ್ಬಂಧ ಇವೆಲ್ಲ ಬಹುಮಟ್ಟಿಗೆ ಆ ವಿದೇಶಿ ಭಯದಿಂದ ಬಂದವು; ಭಯ ಇಳಿದ ಮೇಲೆ ಅವುಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದು 9ನೇ ಕಲಮನ್ನು ಭಾರತದ ತನಿಖಾ ಸಂಸ್ಥೆಗಳು ಎಷ್ಟು ಗಂಭೀರವಾಗಿ ಎತ್ತಿಕೊಳ್ಳುತ್ತವೆ ಎಂಬುದನ್ನು ಅವಲಂಬಿಸಿದೆ.

ಕಂಪನಿಯೊಳಗೆ ಇದೆಲ್ಲದರ ಭಾರ ಹೊರುವವನು ಲೈಸನ್ ಆಫೀಸರ್, ಅಂದರೆ ಇಲಾಖೆಗಳ ನಡುವೆ ಓಡಾಡಿ ಅನುಮತಿ ತರುವ ನೌಕರ. ಅವನಿಗೆ ಸಿಗುವ ಆದೇಶ ಸಾಮಾನ್ಯವಾಗಿ ಬರಹದಲ್ಲಿರುವುದಿಲ್ಲ, ‘ಹೇಗಾದರೂ ಮಾಡಿ ಮುಗಿಸಿ’ ಎಂಬ ಬಾಯಿಮಾತು ಅಷ್ಟೆ. ಅವನು ಪ್ರತಿ ಭೇಟಿಯನ್ನೂ, ಅರ್ಜಿಯ ಸಂಖ್ಯೆಯನ್ನೂ, ಇಲಾಖೆ ಎತ್ತಿದ ಆಕ್ಷೇಪವನ್ನೂ, ಹಣ ಕೇಳಿದ್ದರೆ ಕೇಳಿದವರ ಹುದ್ದೆಯನ್ನೂ ಬರೆದಿಡುವ ಒಂದು ದಾಖಲೆ ಪುಸ್ತಕವಿದ್ದು, ಅದನ್ನು ತಿಂಗಳಿಗೊಮ್ಮೆ ನಿರ್ದೇಶಕರಲ್ಲಿ ಒಬ್ಬರು ಓದಿ ಸಹಿಹಾಕುವ ಪದ್ಧತಿ ಇದ್ದರೆ, 9ನೇ ಕಲಂ ಕೇಳುವ ತಕ್ಕಷ್ಟು ವ್ಯವಸ್ಥೆಗೆ ಸಾಕ್ಷ್ಯವಾಗಬಲ್ಲ ಮೊದಲ ಕಾಗದ ಅದೇ ಆಗುತ್ತದೆ. ಸಹಿಹಾಕಿದ ಮೇಲೆ 10ನೇ ಕಲಮಿನ ಮುಂದೆ ತನಗೇನೂ ತಿಳಿದಿರಲಿಲ್ಲ ಎನ್ನಲು ಆ ನಿರ್ದೇಶಕನಿಗೂ ಬಾರದು. ಸಹಿಹಾಕಲು ನಿರ್ದೇಶಕರು ಹಿಂಜರಿಯುವ ಕಂಪನಿಯಲ್ಲಿ ಆ ನೌಕರ ತನ್ನ ರಕ್ಷಣೆಗೆ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.